ಹೊಲದ ಬದುವಿನ ಹೊಗೆ

ಟೊಮ್ಯಾಟೊ ಕೊಯ್ಲು ಮುಗಿದ ದಿನಗಳಲ್ಲಿ ಕೋಲಾರದಿಂದ ಮುಳಬಾಗಿಲಿಗೋ ಶ್ರೀನಿವಾಸಪುರಕ್ಕೋ ಹೊರಟವರಿಗೆ ಅಲ್ಲಲ್ಲಿ ಬದುವಿನ ಮೇಲೆ ಕಪ್ಪು ಹೊಗೆ ಏಳುವುದು ಕಾಣುತ್ತದೆ. ಒಣಗಿದ ಗಿಡ, ಅದರ ಬುಡಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ, ಗಿಡವನ್ನು ಕಡ್ಡಿಗೆ ಬಿಗಿದ ದಾರ, ಸೀಳಿದ ಹನಿನೀರಾವರಿ ಕೊಳವೆ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬಿಡಿಸುವ ಕೂಲಿಗಿಂತ ಬೆಂಕಿಕಡ್ಡಿ ಅಗ್ಗ. ಆ ಹೊಗೆಯನ್ನು ಮೊದಲು ಉಸಿರಾಡುವವರು ಬೆಂಕಿಯಿಟ್ಟವರ ಮನೆಯ ಮಕ್ಕಳೇ. ಸುಡದೆ ಉತ್ತರೆ, ಹಾಳೆಯ ಚೂರುಗಳು ಮಣ್ಣಿನಲ್ಲೇ ಉಳಿಯುತ್ತವೆ.

ಬೆರೆತ ಕಸವನ್ನು ಬೆರೆತಂತೆಯೇ ಬಳಸಿಕೊಳ್ಳುವ ವಿದ್ಯೆಯೊಂದಿದೆ. ಪೈರಾಲಿಸಿಸ್ ಎಂದು ಅದರ ಹೆಸರು. ಗ್ರೀಕ್ ಮೂಲದಲ್ಲಿ ಬೆಂಕಿಯಿಂದ ಬಿಡಿಸುವುದು ಎಂದರ್ಥ. ಕನ್ನಡದ ‘ಉಷ್ಣವಿಘಟನೆ’ ಅರ್ಥಕ್ಕೆ ಸರಿ, ಕನ್ನಡ ಪಾಠ ಹೇಳಿದ ನನ್ನ ನಾಲಗೆಗೆ ತುಸು ಒರಟು. ಗಾಳಿ ಸೋಕದ ಪಾತ್ರೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ವಸ್ತು ಉರಿಯದೆ ಆವಿಯಾಗಿ, ಇದ್ದಿಲಾಗಿ ಬೇರ್ಪಡುತ್ತದೆ. ಆವಿಯನ್ನು ತಣಿಸಿದರೆ ಎಣ್ಣೆ. ತಣಿಯದೆ ಉಳಿದ ಅನಿಲ ಅದೇ ಒಲೆಗೆ ಉರುವಲು. ಸೌದೆಗೆ ಮಣ್ಣು ಮೆತ್ತಿ ಇದ್ದಿಲು ಸುಡುತ್ತಿದ್ದ ನಮ್ಮ ಹಿರಿಯರು ಇದರ ಅರ್ಧವನ್ನು ಬಲ್ಲವರೇ. ಉಳಿದರ್ಧವನ್ನು 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ತೋರಿಸಿಕೊಟ್ಟಿತು. ಅಲ್ಲಿ ಕಾಡಿನ ಸೌದೆಯಿಂದ ಊದುಕುಲುಮೆಗೆ ಇದ್ದಿಲು ಮಾಡುವುದರ ಜೊತೆಗೆ, ಅದರ ಆವಿಯಿಂದ ಮೆಥನಾಲ್, ಟಾರುಗಳನ್ನೂ ತೆಗೆಯುತ್ತಿದ್ದರು.

ಗಿಡದ ಜೊತೆಗೆ ಪ್ಲಾಸ್ಟಿಕ್ ಏಕೆ? ಬರಿಯ ಗಿಡಗಂಟಿಯ ಎಣ್ಣೆಯಲ್ಲಿ ನೀರು, ಆಮ್ಲಜನಕ, ಹುಳಿ ಹೆಚ್ಚು. ಕಾವು ಕಡಿಮೆ, ಲೋಹವನ್ನೂ ತಿನ್ನುತ್ತದೆ. ಹೊದಿಕೆಯ ಹಾಳೆ ಪಾಲಿಥಿನ್. ಅದರ ತೂಕದಲ್ಲಿ ಶೇಕಡಾ 14ರಷ್ಟು ಜಲಜನಕ; ಆಮ್ಲಜನಕ ಇಲ್ಲವೇ ಇಲ್ಲ. ಎರಡೂ ಒಟ್ಟಿಗೆ ಬೆಂದಾಗ ಒಂದರ ಜಲಜನಕ ಇನ್ನೊಂದರ ಕೊರತೆಯನ್ನು ಒಂದಿಷ್ಟು ತುಂಬುತ್ತದೆ, ಎಣ್ಣೆ ಸುಧಾರಿಸುತ್ತದೆ.

ಆದರೆ ಪಿವಿಸಿ ಪೈಪನ್ನು ಮಾತ್ರ ಒಳಕ್ಕೆ ಬಿಡಬಾರದು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಕಾದರೆ ಹೈಡ್ರೋಕ್ಲೋರಿಕ್ ಆಮ್ಲ. ಪ್ಲಾಸ್ಟಿಕ್ ಬೆರೆತ ಇದ್ದಿಲನ್ನು ಪರೀಕ್ಷಿಸದೆ ಹೊಲಕ್ಕೆ ಚೆಲ್ಲುವುದೂ ಸಲ್ಲದು. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಅದು ಒಪ್ಪೀತು. ರಾಗಿಹುಲ್ಲಿನ ಆಸೆಯೂ ಬೇಡ, ಅದು ದನದ ಪಾಲು. ಹಿಪ್ಪುನೇರಳೆ ಕಡ್ಡಿ, ಶ್ರೀನಿವಾಸಪುರದ ಮಾವಿನ ಓಟೆ ಧಾರಾಳವಾಗಿವೆ.

ಹಸಿ ಗಿಡ ತುಂಬಿದರೆ ಕಾವೆಲ್ಲ ನೀರು ಕುದಿಸುವುದಕ್ಕೇ ಸವೆಯುತ್ತದೆ. ಆದ್ದರಿಂದ ಯಂತ್ರಕ್ಕಿಂತ ಮೊದಲು ಹೋಬಳಿಗೊಂದು ಚಪ್ಪರ ಬೇಕೆಂದು ನನ್ನ ಅಭಿಪ್ರಾಯ: ಕಸದ ಮಣ್ಣು ಕೊಡವಿ, ಒಣಗಿಸಿ, ತೂಗಿ, ಕಿಲೋಗೆ ಇಷ್ಟೆಂದು ರೈತನ ಕೈಗೆ ಅಂದೇ ದುಡ್ಡು ಕೊಡುವ ಚಪ್ಪರ.