ವಾಟ ತಪ್ಪಿದ ಪೈಪು, ಬಿಡಿಸಲಾಗದ ಬೆಸುಗೆ

ರಾಯಚೂರಿನಿಂದ ಮಾನ್ವಿ ದಾಟಿ ಸಿಂಧನೂರಿಗೆ ಹೋಗುವ ರಸ್ತೆಯ ಮೇಲಿರುವ ಪೋತ್ನಾಳದಂಥ ಊರುಗಳಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಹಬ್ಬಿದ ಮೇಲೆ ಮನೆ ಕಟ್ಟುವ ರೀತಿಯೂ ಬದಲಾಗುತ್ತ ಬಂದಿದೆ. ಬಚ್ಚಲಿನ ನೀರು ಕಲ್ಲಿನ ತೂಬಿನಿಂದ ನೇರವಾಗಿ ಬೀದಿಯ ಗಟಾರಕ್ಕೆ ಬೀಳುತ್ತಿದ್ದ ಹಳೆಯ ಮಣ್ಣಿನ ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಎದ್ದಿವೆ. ಮನೆಯೊಳಗೇ ಬಚ್ಚಲು, ಪಾಯಖಾನೆ, ಅಡುಗೆಮನೆಯ ಸಿಂಕು ಬಂದದ್ದರಿಂದ, ಕೊಳೆನೀರನ್ನು ನೆಲದಡಿಯಿಂದ ಹೊರಗೆ ಒಯ್ಯುವ ಪಿವಿಸಿ ಪೈಪು ಪ್ರತಿ ಮನೆಗೂ ಅನಿವಾರ್ಯವಾಗಿದೆ. ಈ ಪೈಪುಗಳನ್ನು ಜೋಡಿಸುವುದು ಸುಲಭದ ಕೆಲಸವೆಂದು ತೋರಿದರೂ, ಸೊಟ್ಟಗೆ ಅಂಟಿಕೊಂಡ ಒಂದು ಜಾಯಿಂಟನ್ನು ಸರಿಪಡಿಸುವುದು ತನ್ನದೇ ಲೆಕ್ಕ, ಉಪಕರಣ ಮತ್ತು ತಾಳ್ಮೆಯನ್ನು ಬೇಡುವ ವಿದ್ಯೆಯಾಗಿದೆ.

ಪಿವಿಸಿಗಿಂತ ಮೊದಲು ಬಳಕೆಯಲ್ಲಿದ್ದ ಬೀಡು ಕಬ್ಬಿಣದ ಪೈಪುಗಳ ಸಂದಿಗೆ ನಾರು ತುರುಕಿ, ಕರಗಿಸಿದ ಸೀಸ ಹೊಯ್ದು ಬಿಗಿ ಮಾಡುತ್ತಿದ್ದರು. ಜೋಡಣೆ ತಪ್ಪಿದರೆ ಸೀಸವನ್ನು ಕಾಯಿಸಿಯೋ ಉಳಿಯಿಂದ ಕೆತ್ತಿಯೋ ತೆಗೆದು ಮತ್ತೆ ಕೂಡಿಸಲು ಅವಕಾಶವಿತ್ತು. ಪಿವಿಸಿಯಲ್ಲಿ ಆ ಅವಕಾಶವಿಲ್ಲ. ಕೆಲಸಗಾರರು ಸೊಲ್ಯೂಷನ್ ಎಂದು ಕರೆಯುವ ಸಾಲ್ವೆಂಟ್ ಸಿಮೆಂಟಿನಲ್ಲಿರುವ ಟೆಟ್ರಾಹೈಡ್ರೋಫ್ಯುರಾನಿನಂಥ ದ್ರಾವಕಗಳು ಪೈಪಿನ ಹೊರಮೈಯನ್ನೂ ಸಾಕೆಟ್ಟಿನ, ಅಂದರೆ ಪೈಪು ಕೂರುವ ಅಗಲ ಬಾಯಿಯ, ಒಳಮೈಯನ್ನೂ ಮೆತ್ತಗೆ ಮಾಡುತ್ತವೆ. ಮೆತ್ತಗಾದ ಎರಡು ಮೈಗಳು ಒಂದರೊಳಗೊಂದು ಬೆರೆತು, ದ್ರಾವಕ ಆರಿಹೋದ ಮೇಲೆ ಒಂದೇ ಗಟ್ಟಿ ವಸ್ತುವಾಗಿ ಉಳಿಯುತ್ತವೆ. ಆದ್ದರಿಂದ ಅಂಟು ಹಿಡಿದ ಜಾಯಿಂಟನ್ನು ಹೊಡೆದು, ತಿರುವಿ ಬಿಡಿಸಲು ಹೊರಟರೆ ಬೆಸುಗೆ ಬಿಡುವ ಬದಲು ಪೈಪೇ ಸೀಳುತ್ತದೆ, ಇಲ್ಲವೇ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಮುಂದೆ ಸೋರುತ್ತದೆ.

ಜಾಯಿಂಟು ತುಸು ವಾರೆಯಾದರೆ ಏನು ನಷ್ಟ ಎಂಬ ಪ್ರಶ್ನೆಗೆ ಉತ್ತರ ವಾಟದಲ್ಲಿದೆ. ವಾಟ ಎಂದರೆ ನೀರು ತಾನಾಗಿ ಹರಿದುಹೋಗಲು ಕೊಡುವ ಇಳಿಜಾರು. ಪಾಯಖಾನೆಯ 110 ಮಿ.ಮೀ. ಪೈಪಿಗೆ ಸಾಮಾನ್ಯವಾಗಿ 40ಕ್ಕೆ 1ರಂತೆ, ಅಂದರೆ ಮೀಟರಿಗೆ 25 ಮಿ.ಮೀ. ಇಳಿತ ಕೊಡುತ್ತಾರೆ, 3 ಮೀಟರ್ ಉದ್ದದ ಪೈಪಿಗೆ ಇದು 75 ಮಿ.ಮೀ. ಆಗುತ್ತದೆ. ಪೈಪಿನ ತಲೆಯ ಜಾಯಿಂಟು ಒಂದೇ ಒಂದು ಡಿಗ್ರಿ ಮೇಲ್ಮುಖವಾಗಿ ಅಂಟಿಕೊಂಡರೆ ಅದೇ 3 ಮೀಟರಿನ ಕೊನೆಯಲ್ಲಿ ಸುಮಾರು 52 ಮಿ.ಮೀ. ವ್ಯತ್ಯಾಸ ಬಿದ್ದು, ವಾಟದ ಮೂರರಲ್ಲಿ ಎರಡು ಪಾಲು ಅಲ್ಲಿಗೇ ಅಳಿದುಹೋಗುತ್ತದೆ. ಒಂದೂವರೆ ಡಿಗ್ರಿಯಾದರೆ ನೀರು ಮುಂದೆ ಹರಿಯುವುದನ್ನೇ ಬಿಟ್ಟು ಪೈಪಿನಲ್ಲಿ ನಿಲ್ಲುತ್ತದೆ. ಬಚ್ಚಲಿನ ನಹಾನಿ ಟ್ರ್ಯಾಪು ಓರೆಯಾಗಿ ಕೂತರೆ, ಗಟಾರದ ದುರ್ವಾಸನೆಯನ್ನು ತಡೆಯಬೇಕಾದ ನೀರಿನ ಅಡ್ಡಗಟ್ಟು ತೆಳುವಾಗಿ ವಾಸನೆ ಮನೆಯೊಳಕ್ಕೆ ನುಗ್ಗುತ್ತದೆ. ನೆಟ್ಟಗೆ ಇಳಿಯುವ ಪೈಪು ಗೋಡೆಯ ಪಕ್ಕ ತುಸು ವಾರೆಯಾಗಿದ್ದರೆ ಅದು ನೋಟದ ದೋಷವೆಂದು ಬಿಟ್ಟುಬಿಡಬಹುದು. ಅಡ್ಡಲಾಗಿ ಹೋಗುವ ಪೈಪಿನ ವಾರೆಯನ್ನು ಹಾಗೆ ಬಿಡಲಾಗದು.

ದುರಸ್ತಿಯ ಮೊದಲ ಹೆಜ್ಜೆ ರಸಮಟ್ಟವನ್ನಿಟ್ಟು ತಪ್ಪು ಯಾವ ಜಾಯಿಂಟಿನಲ್ಲಿದೆ ಎಂದು ನಿಶ್ಚಯಿಸುವುದು. ಎರಡು ಫಿಟಿಂಗುಗಳ, ಅಂದರೆ ಬೆಂಡು, ಟೀ ಮೊದಲಾದ ಜೋಡಣೆಯ ಬಿಡಿಭಾಗಗಳ, ನಡುವೆ ನೇರ ಪೈಪು ಸಾಕಷ್ಟು ಉಳಿದಿದ್ದರೆ ಕೆಲಸ ಹಗುರ: ತಪ್ಪಿದ ಭಾಗವನ್ನು ಹ್ಯಾಕ್ಸಾ ಬ್ಲೇಡಿನಿಂದ ಚೌಕವಾಗಿ ಕತ್ತರಿಸಿ ತೆಗೆದು, ಹೊಸ ಬೆಂಡು ಮತ್ತು ತುಂಡು ಪೈಪನ್ನು ಕಪ್ಲರುಗಳಿಂದ ಸೇರಿಸಲಾಗುತ್ತದೆ. ಎರಡೂ ಕಡೆಯ ಪೈಪುಗಳು ನೆಲದಲ್ಲಿ ಬಿಗಿಯಾಗಿ ಹೂತಿದ್ದು ಹಿಂದೆ ಮುಂದೆ ಸರಿಯದಿದ್ದಾಗ ಸಾಮಾನ್ಯ ಕಪ್ಲರು ಹಿಡಿಸುವುದಿಲ್ಲ. ಒಳಗೆ ನಡುತಡೆಯಿಲ್ಲದ, ಪೈಪಿನ ಮೇಲೆ ಪೂರ್ತಿ ಜಾರಿಸಿ ಮತ್ತೆ ಸಂದಿಯ ಮೇಲಕ್ಕೆ ಎಳೆದುಕೊಳ್ಳಬಹುದಾದ ಕಪ್ಲರು ಬೇಕಾಗುತ್ತದೆ. ರಬ್ಬರ್ ರಿಂಗಿನ ಸಾಕೆಟ್ಟು ಇನ್ನೊಂದು ದಾರಿಯಾಗಿದ್ದು, ಅದರಲ್ಲಿ ಸೊಲ್ಯೂಷನ್ ಇಲ್ಲದ್ದರಿಂದ ಮುಂದೆಯೂ ಬಿಚ್ಚಲು ಬರುತ್ತದೆ.

ಕೋನ ಮಾತ್ರ ತಪ್ಪಿದ್ದರೆ 45 ಡಿಗ್ರಿಯ ಎರಡು ಬೆಂಡುಗಳು ನೆರವಿಗೆ ಬರುತ್ತವೆ: ಒಂದಕ್ಕೊಂದು ಸೇರಿಸಿ ತಿರುಗಿಸುತ್ತ ಹೋದರೆ ಅವು 0ಯಿಂದ 90 ಡಿಗ್ರಿಯವರೆಗಿನ ಯಾವ ಕೋನವನ್ನಾದರೂ ಕೊಡುತ್ತವೆ. ಫಿಟಿಂಗಿಗೆ ಫಿಟಿಂಗು ತಾಗಿಕೊಂಡಿದ್ದು, ಅದರಲ್ಲೊಂದು ಕಾಂಕ್ರೀಟಿನಲ್ಲಿ ಹೂತಿರುವುದೇ ಅತಿ ಕಠಿಣ ಪ್ರಸಂಗ. ಆಗ ಪೈಪನ್ನು ಸಾಕೆಟ್ಟಿನ ಅಂಚಿನಲ್ಲಿ ಕತ್ತರಿಸಿ, ಒಳಗುಳಿದ ಪೈಪಿನ ಬಳೆಗೆ ಬ್ಲೇಡಿನಿಂದ ಉದ್ದುದ್ದ ಗೀರು ಹಾಕಿ, ಸಾಕೆಟ್ಟಿನ ಗೋಡೆಗೆ ಗಾಯವಾಗದಂತೆ ಚೂರುಚೂರಾಗಿ ಉಳಿಯಿಂದ ಎಬ್ಬಿಸಿ ತೆಗೆಯುತ್ತಾರೆ. ಬಿಸಿಗಾಳಿಯ ಯಂತ್ರದಿಂದ ಹದವಾಗಿ ಕಾಯಿಸಿದರೆ ಆ ಚೂರುಗಳು ಬೇಗ ಏಳುತ್ತವೆ. ಹೊರಗಿನ ಬೆಂಡಿಗೆ ಇಷ್ಟು ಶ್ರಮ ಬೇಡ, ಅದನ್ನು ಎಸೆದು ಹೊಸದು ಹಾಕುವುದೇ ಅಗ್ಗ. ನೆಲ ಅಗೆಯುವ ಖರ್ಚು ಉಳಿಯುವಲ್ಲಿ ಮಾತ್ರ ಈ ಬಿಡಿಸುವ ಕೆಲಸ ಸಾರ್ಥಕ.

ಪೈಪನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುವ ಅಭ್ಯಾಸವನ್ನು ಮಾತ್ರ ಕೈಬಿಡಲೇಬೇಕು. ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗುವ ಪಿವಿಸಿ ಬಗ್ಗುವುದೇನೋ ನಿಜ, ಆದರೆ ಬಗ್ಗಿದಲ್ಲಿ ಗೋಡೆ ತೆಳುವಾಗಿ ಒಳದಾರಿ ಚಪ್ಪಟೆಯಾಗುತ್ತದೆ. ಸುಟ್ಟರಂತೂ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಬರುತ್ತದೆ.

ರಾಯಚೂರು ಸೀಮೆಯ ಬಿಸಿಲು ಮತ್ತು ಮಣ್ಣು ಎರಡೂ ಈ ಕೆಲಸವನ್ನು ಪರೀಕ್ಷಿಸುತ್ತವೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವಾಗ ದ್ರಾವಕ ಬೇಗ ಆರಿ, ಪೈಪು ಸಾಕೆಟ್ಟಿನ ತಳ ಮುಟ್ಟುವ ಮೊದಲೇ ಹಿಡಿದುಬಿಡುತ್ತದೆ; ಹಾಗಾಗಿ ಬೆಳಗಿನ ತಂಪಿನಲ್ಲಿ ಜೋಡಿಸುವುದು, ಡಬ್ಬಿಯನ್ನು ಮುಚ್ಚಿ ನೆರಳಿನಲ್ಲಿಡುವುದು ಉತ್ತಮ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಬಿರಿಯುವುದರಿಂದ, ಮರಳಿನ ಹಾಸಿಗೆಯಿಲ್ಲದೆ ಹೂತ ಪೈಪಿನ ವಾಟ ಕೆಲವು ವರ್ಷಗಳಲ್ಲೇ ಕದಲಬಹುದು.

ತಪ್ಪು ಆಗದಂತೆ ತಡೆಯುವ ಕ್ರಮ ಸರಳವಾಗಿದೆ. ಎಲ್ಲ ತುಂಡುಗಳನ್ನೂ ಮೊದಲು ಸೊಲ್ಯೂಷನ್ ಇಲ್ಲದೆ ಜೋಡಿಸಿ ವಾಟ ನೋಡಬೇಕು. ಪ್ರತಿ ಜಾಯಿಂಟಿನಲ್ಲೂ ಪೈಪು ಮತ್ತು ಫಿಟಿಂಗಿನ ಮೇಲೆ ಹಾಯುವಂತೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಬೇಕು. ಬಳಿಕ ಬಿಚ್ಚಿ, ಒರೆಸಿ, ಸೊಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಗೆರೆಗೆ ಗೆರೆ ಕೂಡುವಂತೆ ಒತ್ತಿ, ಸುಮಾರು ಅರ್ಧ ನಿಮಿಷ ಅಲುಗಿಸದೆ ಹಿಡಿಯಬೇಕು. ಪೈಪು ಕೊಳ್ಳುವಾಗ ಭಾರತೀಯ ಮಾನಕ 13592ರ ಗುರುತನ್ನು, ಅದರಲ್ಲೂ ಪಾಯಖಾನೆ ಮತ್ತು ಕೊಳೆನೀರಿಗೆ ಗೊತ್ತುಪಡಿಸಿದ ಬಿ ದರ್ಜೆಯನ್ನು ನೋಡಿ ಕೊಳ್ಳಬೇಕು. ಎ ದರ್ಜೆಯ ಪೈಪು ಗಾಳಿಕೊಳವೆ ಮತ್ತು ಮಳೆನೀರಿಗೆ ಮಾತ್ರ ತಕ್ಕದ್ದು.

ಮನೆ ಕಟ್ಟಿಸುವವರು ಟೈಲ್ಸಿನ ಬಣ್ಣ ಆರಿಸಲು ಕೊಡುವಷ್ಟೇ ಸಮಯವನ್ನು ನೆಲದಡಿಯ ಪೈಪಿಗೂ ಕೊಡಬೇಕು. ಪ್ಲಂಬರಿಗೆ ಗಡಿಬಿಡಿ ಮಾಡದೆ, ಕಾಂಕ್ರೀಟು ಮುಚ್ಚುವ ಮೊದಲು ಪೈಪಿನ ತುದಿ ಕಟ್ಟಿ ನೀರು ತುಂಬಿಸಿ ಸೋರಿಕೆಯನ್ನೂ, ತುದಿ ಬಿಚ್ಚಿ ಹರಿವನ್ನೂ ಪರೀಕ್ಷಿಸಿ, ಪೈಪು ಹೋದ ದಾರಿಯ ಫೋಟೋ ತೆಗೆದಿಟ್ಟುಕೊಳ್ಳುವುದು ಪ್ರತಿಯೊಬ್ಬ ಮನೆಯೊಡೆಯರ ಕರ್ತವ್ಯ.