ವಿಂಟೇಜ್ ಕಾರು ಮತ್ತು ಇಂದಿನ ಸಣ್ಣ ಕಾರು: ನೋಂದಣಿಯಲ್ಲಿನ ವ್ಯತ್ಯಾಸಗಳು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ)

ಮನೆತನದ ಹಳೆಯ ಅಂಬಾಸಿಡರ್ ಅಥವಾ ಫಿಯಟ್ 1100 ಕಾರನ್ನು ಉಳಿಸಿಕೊಂಡಿರುವ ಮಾಲೀಕರು, ಅದನ್ನು ವಿಂಟೇಜ್ ವಾಹನವಾಗಿ ನೋಂದಾಯಿಸುವ ಮುನ್ನ ಕೆಳಕಂಡ ಅಂಶಗಳನ್ನು ತಿಳಿದಿರುವುದು ಅವಶ್ಯಕ.

ವಿಂಟೇಜ್ ವಾಹನ ಎಂದರೇನು?

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಮಾಡಲಾದ ತಿದ್ದುಪಡಿಯನ್ವಯ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಈ ವರ್ಗಕ್ಕೆ ಅರ್ಹ. ಚಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಮಾರ್ಪಟ್ಟಿರಬಾರದು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಅಳವಡಿಸಿದ ಅಂಬಾಸಿಡರ್ ಮಾಲೀಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಸಹ 2033ರವರೆಗೆ ಈ ವರ್ಗಕ್ಕೆ ಸೇರುವುದಿಲ್ಲ.

ಮುಖ್ಯ ವ್ಯತ್ಯಾಸಗಳು

1. ಬಳಕೆ: ಸಣ್ಣ ಕಾರನ್ನು ದಿನನಿತ್ಯ ಬಳಸಬಹುದು. ವಿಂಟೇಜ್ ಕಾರನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ಭರ್ತಿ ಮತ್ತು ದುರಸ್ತಿಗೆ ಮಾತ್ರ ರಸ್ತೆಗೆ ತರಬಹುದು. ಬೀರೂರಿನ ಮಾರುಕಟ್ಟೆಗೆ ನಿತ್ಯ ಹೋಗಿಬರುವುದಾಗಲಿ, ಮದುವೆಗೆ ಬಾಡಿಗೆ ನೀಡುವುದಾಗಲಿ ಸಲ್ಲದು.

2. ಅವಧಿ: ಹೊಸ ಸಣ್ಣ ಕಾರಿನ ನೋಂದಣಿ 15 ವರ್ಷ, ಬಳಿಕ 5 ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಣ. ವಿಂಟೇಜ್ ನೋಂದಣಿ 10 ವರ್ಷ.

3. ಶುಲ್ಕ: ವಿಂಟೇಜ್ ಹೊಸ ನೋಂದಣಿಗೆ ರೂ. 20,000, ತದನಂತರದ ಮರುನೋಂದಣಿಗೆ ರೂ. 5,000.

4. ನೋಂದಣಿ ಸಂಖ್ಯೆ: ಈಗಾಗಲೇ ನೋಂದಣಿಯಾಗಿರುವ ಕಾರು, ಮೈಸೂರು ರಾಜ್ಯದ ಕಾಲದ ‘ಎಂವೈ’ ಸಂಖ್ಯೆಯಾದರೂ ಸರಿ, ತನ್ನ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುತ್ತವೆ.

5. ಹೊಗೆ ಮತ್ತು ಸುರಕ್ಷತೆ: ಹೊಗೆ ತಪಾಸಣೆಯಲ್ಲಿ ಹಳೆಯ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3, ಭಾರತ್ ಸ್ಟೇಜ್-6 ಕಾರಿಗೆ ಶೇ. 0.3. ಹೊಸ ಕಾರಿನಲ್ಲಿ ಎಬಿಎಸ್ ಹಾಗೂ ಮುಂಭಾಗದ ಏರ್‌ಬ್ಯಾಗ್‌ಗಳು ಕಡ್ಡಾಯ. ಹಳೆಯ ಕಾರುಗಳಲ್ಲಿ ಇವು ಇರಲಿಲ್ಲ.

6. ಮಾರಾಟ: ವಿಂಟೇಜ್ ಕಾರು ಮಾರಾಟವಾದಲ್ಲಿ ಮಾರಿದವರು ಮತ್ತು ಕೊಂಡವರು 90 ದಿನಗಳೊಳಗೆ ತಿಳಿಸತಕ್ಕದ್ದು. ಸಾಮಾನ್ಯ ಕಾರಾದಲ್ಲಿ, ರಾಜ್ಯದೊಳಗಿನ ವರ್ಗಾವಣೆಗೆ ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ.

ಅರ್ಜಿ ಸಲ್ಲಿಕೆ

ವಿಂಟೇಜ್ ನೋಂದಣಿಗೆ ಪರಿವಾಹನ್ ಜಾಲತಾಣದ ಮೂಲಕ ನಮೂನೆ-20ರಲ್ಲಿ ಅರ್ಜಿ, ಚಾಲ್ತಿಯಲ್ಲಿರುವ ವಿಮಾ ಪಾಲಿಸಿ, ಶುಲ್ಕ ಹಾಗೂ ಹಳೆಯ ನೋಂದಣಿ ಪತ್ರ ಸಲ್ಲಿಸತಕ್ಕದ್ದು. ಆಮದು ವಾಹನವಾದಲ್ಲಿ ಬಿಲ್ ಆಫ್ ಎಂಟ್ರಿ ಅಗತ್ಯ. ರಾಜ್ಯ ಮಟ್ಟದ ಸಮಿತಿಯು ವಾಹನವನ್ನು ಪರಿಶೀಲಿಸುತ್ತದೆ. ಅರ್ಹವಾದಲ್ಲಿ 60 ದಿನಗಳೊಳಗೆ ನಮೂನೆ-23ಎ ರಲ್ಲಿ ಪ್ರಮಾಣಪತ್ರ ನೀಡಲಾಗುವುದು. ಸಾಮಾನ್ಯ ಕಾರಿನ ನವೀಕರಣಕ್ಕೆ ನಮೂನೆ-25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಈ ಮೂರು ತಾಲ್ಲೂಕುಗಳವರು ತರೀಕೆರೆಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು (ಕೆಎ-66) ಸಂಪರ್ಕಿಸುವುದು.

ವಿಶೇಷ ಸೂಚನೆ

50 ವರ್ಷ ಮೀರಿದ ಮಾತ್ರಕ್ಕೆ ಕಾರು ತಾನಾಗಿ ವಿಂಟೇಜ್ ವರ್ಗಕ್ಕೆ ಸೇರುವುದಿಲ್ಲ. ಮನೆಯಲ್ಲಿ ಬೇರೊಂದು ಕಾರಿದ್ದು, ಹಳೆಯದನ್ನು ಸ್ಮರಣೆಗಾಗಿ ಕಾಪಾಡುವವರಿಗೆ ವಿಂಟೇಜ್ ನೋಂದಣಿ ಸೂಕ್ತ. ಹಳೆಯ ಕಾರೇ ಕುಟುಂಬದ ಓಡಾಟಕ್ಕೆ ಆಧಾರವಾಗಿದ್ದಲ್ಲಿ, ಸಾಮಾನ್ಯ ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುವುದೇ ಲೇಸು.