ಖಡಕವಾಸ್ಲಾದ ದಾರಿಯಲ್ಲಿ ಒಂದು ಪ್ರಶ್ನೆ

ಮೂರು ವರ್ಷಗಳ ಹಿಂದಿನ ಮಾತು. ಒಂದು ಸಂಜೆ, ತರಗತಿಗಳು ಮುಗಿದು ಕೊಠಡಿಗಳಿಗೆ ಬೀಗ ಬೀಳುತ್ತಿದ್ದ ಹೊತ್ತಿನಲ್ಲಿ, ದ್ವಿತೀಯ ಪಿ.ಯು.ಸಿ.ಯ ವಿದ್ಯಾರ್ಥಿಯೊಬ್ಬ ಸಂಕೋಚದಿಂದ ನನ್ನ ಮೇಜಿನ ಬಳಿ ಬಂದು ನಿಂತ. ರೈತ ಮನೆತನದ ಹುಡುಗ. ಹಿಂದಿನ ಬೆಂಚಿನಲ್ಲಿ ಕುಳಿತು ಮೌನವಾಗಿ ಪಾಠ ಕೇಳುವವನು. "ಸಾರ್, ಒಂದು ಮಾತು ಕೇಳಬೇಕಿತ್ತು" ಎಂದ. ಗಣಿತದ ಸಂಶಯವಿರಬಹುದೆಂದು ನಾನು ಸೀಮೆಸುಣ್ಣಕ್ಕೆ ಕೈಹಾಕಿದೆ. ಅವನು ಕೇಳಿದ್ದೇ ಬೇರೆ: "ನನ್ನ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು ಸಾರ್?"

ಅವನು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ. ಮುಂದಿನದು ಆಯ್ಕೆ ಮಂಡಲಿಯ ಪರೀಕ್ಷೆ. ತಂದೆತಾಯಿಗಳು ನಿನ್ನನ್ನು ಹೇಗೆ ಕಾಣುತ್ತಾರೆ, ಗುರುಗಳು ಹೇಗೆ, ಗೆಳೆಯರು ಹೇಗೆ, ನಿನ್ನನ್ನು ನೀನೇ ಹೇಗೆ ಕಾಣುತ್ತೀಯೆ, ಮುಂದೆ ಎಂಥವನಾಗಬೇಕೆಂದಿದ್ದೀಯೆ ಎಂಬುದನ್ನು ಅಲ್ಲಿ ಹದಿನೈದು ನಿಮಿಷಗಳಲ್ಲಿ ಬರೆದುಕೊಡಬೇಕು. "ಅಪ್ಪ ಅಮ್ಮನನ್ನು ಕೇಳಿಯಾಯಿತು, ಗೆಳೆಯರನ್ನೂ ಕೇಳಿಯಾಯಿತು. ಇನ್ನು ನೀವೇ ಉಳಿದವರು" ಎಂದ. ಎರಡು ವರ್ಷ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ. ಅವನ ಅಂಕಗಳು ನೆನಪಿದ್ದವು, ಅವನು ನೆನಪಿರಲಿಲ್ಲ.

ಅಂದಿನಿಂದ ಈ ಪರೀಕ್ಷೆಯ ವಿಷಯವನ್ನು ಕುತೂಹಲದಿಂದ ತಿಳಿದುಕೊಳ್ಳತೊಡಗಿದೆ. ತಿಳಿದಷ್ಟೂ ಇದು ಹುಡುಗರಿಗೆ ಮಾತ್ರ ಒಡ್ಡಿದ ಪರೀಕ್ಷೆಯಲ್ಲ, ಉಪಾಧ್ಯಾಯರಿಗೂ ಒಡ್ಡಿದ್ದು ಎಂದು ತೋರಿತು.

ಪುಣೆಯ ಸಮೀಪದ ಖಡಕವಾಸ್ಲಾದಲ್ಲಿರುವ ಈ ಅಕಾಡೆಮಿಗೆ ನೆಹರೂ ಅವರು ಅಡಿಗಲ್ಲು ಇಟ್ಟದ್ದು ೧೯೪೯ರ ಅಕ್ಟೋಬರಿನಲ್ಲಿ. ವಿಧ್ಯುಕ್ತ ಉದ್ಘಾಟನೆ ನಡೆದದ್ದು ೧೯೫೫ರ ಜನವರಿಯಲ್ಲಿ. ಭೂದಳ, ನೌಕಾದಳ, ವಾಯುದಳ ಮೂರಕ್ಕೂ ಸೇರಬೇಕಾದ ತರುಣರು ಇಲ್ಲಿ ಮೂರು ವರ್ಷ ಒಂದೇ ಸೂರಿನಡಿ ಕಲಿತು, ಪದವಿ ಪಡೆದು, ಅನಂತರ ತಂತಮ್ಮ ದಳದ ಶಿಕ್ಷಣಕ್ಕೆ ತೆರಳುತ್ತಾರೆ. ಪ್ರವೇಶ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನೊಳಗಿನ ಅವಿವಾಹಿತರು ಇದಕ್ಕೆ ಅರ್ಹರು. ಭೂದಳಕ್ಕೆ ಪಿ.ಯು.ಸಿ.ಯಲ್ಲಿ ಯಾವ ವಿಷಯ ಓದಿದ್ದರೂ ಸಲ್ಲುತ್ತದೆ. ಉಳಿದೆರಡಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆದರೆ ಗಣಿತದ ಪ್ರಶ್ನಪತ್ರಿಕೆಯಿಂದ ಯಾರಿಗೂ ವಿನಾಯಿತಿಯಿಲ್ಲ. ಅದಕ್ಕೆ ೩೦೦ ಅಂಕಗಳು, ಸಾಮಾನ್ಯ ಸಾಮರ್ಥ್ಯದ ಪತ್ರಿಕೆಗೆ ೬೦೦. ತಪ್ಪು ಉತ್ತರ ಗುರುತಿಸಿದರೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗವನ್ನು ಕಳೆಯುತ್ತಾರೆ. ಲಕ್ಷಾಂತರ ಉಮೇದುವಾರರು ಅರ್ಜಿ ಹಾಕುತ್ತಾರೆ. ಪ್ರತಿಬಾರಿಯೂ ದೊರೆಯುವ ಸ್ಥಾನಗಳು ಸುಮಾರು ೪೦೦.

ನಮ್ಮ ನಾಡಿನ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕುಂಟು. ಪ್ರಶ್ನೆಗಳು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರುತ್ತವೆ, ಕನ್ನಡದಲ್ಲಿಲ್ಲ. ವಿಜಯಪುರದಲ್ಲಿ ೧೯೬೩ರಿಂದಲೂ ಕೊಡಗಿನ ಕೂಡಿಗೆಯಲ್ಲಿ ೨೦೦೭ರಿಂದಲೂ ಇರುವ ಸೈನಿಕ ಶಾಲೆಗಳ ಆರನೆಯ ತರಗತಿಗೆ ಸೇರಬಯಸುವ ಬಾಲಕ ತನ್ನ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಹದಿನೇಳರ ತರುಣನಿಗೆ ಆ ಸೌಲಭ್ಯವಿಲ್ಲ. ಹಳ್ಳಿಯ ಕನ್ನಡ ಶಾಲೆಯಿಂದ ಬಂದವನು ಗಣಿತವನ್ನು ಬಲ್ಲನಾದರೂ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವುದರಲ್ಲಿ ಹೊತ್ತು ಕಳೆಯುತ್ತಾನೆ. ಆ ಕೊರತೆಯನ್ನು ಕೊನೆಯ ಆರು ತಿಂಗಳಲ್ಲಿ ತುಂಬುವುದು ಕಷ್ಟ. ಹೈಸ್ಕೂಲಿನಿಂದಲೇ ದಿನಕ್ಕೊಂದು ಪುಟ ಇಂಗ್ಲಿಷ್ ಓದಿಸುವ ಉಪಾಧ್ಯಾಯರಿದ್ದರೆ ಅದು ತಾನೇ ತುಂಬುತ್ತದೆ.

ಲಿಖಿತ ಪರೀಕ್ಷೆಗೆ ಒಟ್ಟು ೯೦೦ ಅಂಕಗಳಾದರೆ ಆಯ್ಕೆ ಮಂಡಲಿಯ ಪರೀಕ್ಷೆಗೂ ಅಷ್ಟೇ ಅಂಕಗಳು. ಎಂದರೆ, ಪುಸ್ತಕಕ್ಕೆ ಎಷ್ಟು ಬೆಲೆಯೋ ಮನುಷ್ಯನಿಗೂ ಅಷ್ಟೇ ಬೆಲೆ. ಲಿಖಿತದಲ್ಲಿ ಗೆದ್ದ ಕೆಲವು ಸಾವಿರ ಮಂದಿಯನ್ನು ತಂಡತಂಡವಾಗಿ ಬೆಂಗಳೂರು, ಮೈಸೂರು, ಭೋಪಾಲ ಮೊದಲಾದೆಡೆಗಳ ಕೇಂದ್ರಗಳಿಗೆ ಐದು ದಿನಗಳ ಪರೀಕ್ಷೆಗೆ ಕರೆಯುತ್ತಾರೆ. ಮೊದಲ ದಿನವೇ ಜರಡಿ. ಬುದ್ಧಿಶಕ್ತಿಯ ಪ್ರಶ್ನೆಗಳಾದ ಮೇಲೆ ಮಸುಕಾದ ಚಿತ್ರವೊಂದನ್ನು ಮೂವತ್ತು ಸೆಕೆಂಡು ತೋರಿಸಿ, ಅದರ ಮೇಲೆ ಕಥೆ ಬರೆಯಹೇಳುತ್ತಾರೆ. ಅನಂತರ ಗುಂಪಿನಲ್ಲಿ ಕುಳಿತು ಒಬ್ಬೊಬ್ಬರೂ ತಮ್ಮ ಕಥೆ ಹೇಳಿ, ಎಲ್ಲರೂ ಚರ್ಚಿಸಿ ಒಮ್ಮತದ ಒಂದು ಕಥೆಗೆ ಬರಬೇಕು. ಬಹಳಷ್ಟು ಮಂದಿ ಅಂದೇ ಮರಳಿ ಊರ ದಾರಿ ಹಿಡಿಯುತ್ತಾರೆ.

ಉಳಿದವರಿಗೆ ಎರಡನೆಯ ದಿನ ಮನಶ್ಶಾಸ್ತ್ರದ ಪರೀಕ್ಷೆಗಳು: ಹನ್ನೆರಡು ಕಥೆಗಳು, ಅದರಲ್ಲಿ ಕೊನೆಯದಕ್ಕೆ ಖಾಲಿ ಪರದೆಯೇ ಚಿತ್ರ, ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದಗಳು, ಪ್ರತಿಯೊಂದಕ್ಕೂ ಹೊಳೆದ ವಾಕ್ಯ, ಅರ್ಧ ಗಂಟೆಯಲ್ಲಿ ಅರವತ್ತು ಸನ್ನಿವೇಶಗಳು, ಕೊನೆಯಲ್ಲಿ ನನ್ನ ಶಿಷ್ಯ ಚಿಂತಿಸುತ್ತಿದ್ದ ಆ ಸ್ವಪರಿಚಯ. ಮುಂದಿನೆರಡು ದಿನ ಬಯಲಿನಲ್ಲಿ. ಹಗ್ಗ, ಹಲಗೆ, ಮರದ ತೊಲೆ ಕೊಟ್ಟು, ನೆಲ ಮುಟ್ಟದೆ ಅಡೆತಡೆಗಳನ್ನು ದಾಟಿರೆಂದು ಎಂಟು ಹತ್ತು ಜನರ ಗುಂಪಿಗೆ ಹೇಳುತ್ತಾರೆ, ನಾಯಕನಾರೆಂದು ಹೇಳುವುದಿಲ್ಲ. ಇವುಗಳ ನಡುವೆ ಒಬ್ಬೊಬ್ಬರಿಗೂ ದೀರ್ಘ ಸಂದರ್ಶನ. ಮನಶ್ಶಾಸ್ತ್ರಜ್ಞ, ಸಂದರ್ಶಕ, ಬಯಲಿನ ಅಧಿಕಾರಿ ಈ ಮೂವರೂ ಒಬ್ಬರನ್ನೊಬ್ಬರು ಕೇಳದೆ ತಮ್ಮ ನಿರ್ಣಯ ಬರೆದಿಟ್ಟು, ಐದನೆಯ ದಿನ ಒಂದೆಡೆ ಕುಳಿತು ಹೋಲಿಸಿ ನೋಡುತ್ತಾರೆ.

ಈ ಮೂವರ ಕೆಲಸವನ್ನು ಆಯ್ಕೆ ಮಂಡಲಿಯವರೇ ಸಂಸ್ಕೃತದ ಮೂರು ಮಾತುಗಳಲ್ಲಿ ಹೇಳಿಕೊಳ್ಳುತ್ತಾರೆ: ಮನಸಾ, ವಾಚಾ, ಕರ್ಮಣಾ. ನಮ್ಮ ಹಿರಿಯರು ತ್ರಿಕರಣ ಶುದ್ಧಿ ಎಂದದ್ದು ಇದನ್ನೇ. ಬರೆದ ಕಥೆಯಲ್ಲಿ ಧೀರನಾಗಿ, ಮಾತಿನಲ್ಲಿ ಉದಾರಿಯಾಗಿ, ಹಲಗೆ ಎತ್ತುವ ಹೊತ್ತಿಗೆ ಹಿಂದೆ ಸರಿಯುವವನು ಮೂವರ ಕಣ್ಣನ್ನೂ ತಪ್ಪಿಸುವುದು ಕಷ್ಟ. ಹಣ ತೆತ್ತು ಕಂಠಪಾಠ ಮಾಡಿಬಂದ ಸಿದ್ಧ ಉತ್ತರಗಳು ಇಲ್ಲಿ ಸೋಲುವುದು ಇದರಿಂದಲೇ. ಒಂದು ಮುಖವಾಡವನ್ನು ಒಂದು ಗಂಟೆ ಧರಿಸಬಹುದು. ಐದು ದಿನ, ಮೂರು ಕಡೆಯಿಂದ ನೋಡುವವರೆದುರು ಧರಿಸಲಾಗದು.

ಈ ಪದ್ಧತಿಗೆ ಒಂದು ಚರಿತ್ರೆಯಿದೆ. ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ಭಾರತೀಯರಿಗೆ ಮೀಸಲಿದ್ದ ಸ್ಥಾನಗಳು ವರ್ಷಕ್ಕೆ ಹತ್ತು. ಕೊಡಗಿನ ತಿಮ್ಮಯ್ಯನವರು ಆ ಕಿರುಬಾಗಿಲಿನಿಂದ ಒಳಹೊಕ್ಕು ೧೯೨೬ರಲ್ಲಿ ಅಧಿಕಾರಿಯಾದರು. ಅವರಿಗಿಂತ ಹಿರಿಯರಾದ ಕಾರ್ಯಪ್ಪನವರು ಇಂದೋರಿನ ಡ್ಯಾಲಿ ಕಾಲೇಜಿನಲ್ಲಿ ತರಬೇತಾದ ಮೊದಲ ತಂಡದವರು. ೧೯೪೯ರ ಜನವರಿ ೧೫ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದವರು. ಆ ಕಾಲದ ಆಯ್ಕೆಯಲ್ಲಿ ಮನೆತನ, ಓದಿದ ಶಾಲೆ ಇವುಗಳ ತೂಕ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ ಅಧಿಕಾರಿಗಳ ಕೊರತೆ ಬಿದ್ದಾಗ ಬ್ರಿಟಿಷರಿಗೆ ಆ ತಕ್ಕಡಿ ಸಾಲದೆಂದು ತಿಳಿಯಿತು. ೧೯೪೨ರಲ್ಲಿ ಅಲ್ಲಿ ಹೊಸ ಆಯ್ಕೆ ಮಂಡಲಿಗಳು ಹುಟ್ಟಿದವು. ನಾಯಕನಿಲ್ಲದ ಗುಂಪಿಗೆ ಕೆಲಸ ಕೊಟ್ಟು ನೋಡುವ ಪರೀಕ್ಷೆಯನ್ನು ರೂಪಿಸಿದವರು ಮನೋವೈದ್ಯ ವಿಲ್ಫ್ರೆಡ್ ಬಿಯಾನ್. ಮರುವರ್ಷವೇ ಆ ಪದ್ಧತಿ ಡೆಹ್ರಾಡೂನಿಗೆ ಬಂತು. ಗುಂಪಿನಲ್ಲಿ ತಾನು ಮೆರೆಯುವವನಾರು, ಇತರರನ್ನು ದಡ ಸೇರಿಸುವವನಾರು ಎಂಬುದೇ ಬಿಯಾನರ ಪ್ರಶ್ನೆ.

ಬಾಗಿಲು ಇನ್ನೂ ಅಗಲವಾದದ್ದು ತೀರ ಇತ್ತೀಚೆಗೆ. ೨೦೨೧ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಹುಡುಗಿಯರಿಗೂ ಈ ಪರೀಕ್ಷೆ ಬರೆಯುವ ಅವಕಾಶ ದೊರೆಯಿತು; ೨೦೨೫ರ ಮೇ ತಿಂಗಳಲ್ಲಿ ಮೊದಲ ತಂಡದ ಹದಿನೇಳು ಮಂದಿ ಯುವತಿಯರು ಅಕಾಡೆಮಿಯಿಂದ ತೇರ್ಗಡೆಯಾಗಿ ಹೊರಬಂದರು.

ಇನ್ನು ನನ್ನ ಶಿಷ್ಯನ ಮಾತು. ಮೊದಲ ಸಲ ಅವನು ಮೊದಲ ದಿನವೇ ಮರಳಿದ. ಕಥೆ ಚೆನ್ನಾಗಿಯೇ ಬರೆದಿದ್ದನಂತೆ. ಚರ್ಚೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗತೊಡಗಿದಾಗ ಒಂದು ಮಾತನ್ನೂ ನುಸುಳಿಸಲಾಗಲಿಲ್ಲ. ಹತ್ತು ದಿನ ಮಂಕಾಗಿದ್ದ. ಅನಂತರ ಪ್ರಥಮ ಪಿ.ಯು.ಸಿ.ಯ ಆರೇಳು ಹುಡುಗರನ್ನೂ ಇಬ್ಬರು ಹುಡುಗಿಯರನ್ನೂ ಸೇರಿಸಿ, ಶನಿವಾರ ಮಧ್ಯಾಹ್ನ ಕಾಲೇಜಿನ ಬೇವಿನ ಮರದ ಕೆಳಗೆ ಚರ್ಚಾಕೂಟ ಆರಂಭಿಸಿದ. ನಾನೂ ಹೋಗಿ ಕುಳಿತುಕೊಳ್ಳುತ್ತಿದ್ದೆ. ಯಾರಾದರೂ ಬಾಯಿ ತೆರೆಯಲು ಹೋಗಿ ಹಿಂಜರಿದರೆ ಅವನು ಉಳಿದವರನ್ನು ತಡೆದು, "ಅವಳು ಏನೋ ಹೇಳಬೇಕೆಂದಿದ್ದಾಳೆ, ಕೇಳೋಣ" ಎನ್ನುತ್ತಿದ್ದ.

ಎರಡನೆಯ ಸಲ ಐದು ದಿನಗಳನ್ನೂ ದಾಟಿದ, ಶಿಫಾರಸು ಸಿಗಲಿಲ್ಲ. ಮೂರನೆಯ ಸಲ ಶಿಫಾರಸಾಯಿತು, ವೈದ್ಯರ ತಪಾಸಣೆಯಲ್ಲಿಯೂ ಸರಿಯೆನಿಸಿಕೊಂಡ. ಆದರೆ ಶಿಫಾರಸಾದವರೆಲ್ಲರಿಗೂ ಸ್ಥಾನವಿರುವುದಿಲ್ಲ. ಎರಡೂ ಪರೀಕ್ಷೆಗಳ ಒಟ್ಟು ಅಂಕಗಳ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಗಣಿತದ ಅಂಕ ಸಾಲಲಿಲ್ಲವೆಂದು ಅವನೇ ಲೆಕ್ಕ ಹಾಕಿ ಹೇಳಿದ. ಮರದ ಕೆಳಗೆ ಕೂರಲು ನನಗೆ ಬಿಡುವಿತ್ತು. ಅವನ ಗಣಿತದ ಕಡೆ ನೋಡಲು ಇರಲಿಲ್ಲ. ಆ ತಪ್ಪು ನನ್ನದು.

ಈಗ ಅವನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾನೆ. ಪದವೀಧರರಿಗಾಗಿ ಲೋಕಸೇವಾ ಆಯೋಗವೇ ನಡೆಸುವ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆಯ ಮೂಲಕ ಡೆಹ್ರಾಡೂನಿನ ಸೈನಿಕ ಅಕಾಡೆಮಿಗೆ ಮತ್ತೊಂದು ದಾರಿಯಿದೆ. ಅಲ್ಲಿಯೂ ಅದೇ ಆಯ್ಕೆ ಮಂಡಲಿ, ಅದೇ ಹದಿನೈದು ನಿಮಿಷ, ಅದೇ ಪ್ರಶ್ನೆ. ಕಳೆದ ಶನಿವಾರ ಬಂದು ನಗುತ್ತ ಮತ್ತೆ ಕೇಳಿದ: "ನನ್ನ ವಿಷಯದಲ್ಲಿ ಏನು ಬರೆದುಕೊಳ್ಳಲಿ ಸಾರ್?"

"ಮಾತನಾಡದವನಿಗೂ ಮಾತಿನ ಸರದಿ ಬರುವಂತೆ ನೋಡಿಕೊಳ್ಳುವವನು, ಗಣಿತದಲ್ಲಿ ಆತುರಗಾರ ಎಂದು ಬರೆದುಕೊ" ಎಂದೆ. ಅವನು ಎರಡನ್ನೂ ಬರೆದುಕೊಂಡ.

ಆಮೇಲೆ ನಾವಿಬ್ಬರೂ ಕುಳಿತು ಗಣಿತ ಮಾಡಿದೆವು.